ಅಪ್‌ಡೇಟ್: ಆ ಲೇಬಲ್ ಇಲ್ಲದ ಜರ್ಮನ್ ಕ್ಯಾಸೆಟ್ ಯಾರದೆಂದು ಗೊತ್ತಾಯ್ತು!

ಹೋದ ವಾರ ಇಲ್ಲಿ ಪ್ರಶ್ನೆ ಹಾಕಿದ್ದೆನಲ್ಲ, ಮಾವನ ಪೆಟ್ಟಿಗೆಯಲ್ಲಿ ಸಿಕ್ಕ ಕ್ಯಾಸೆಟ್, ತಾಳವೇ ಇಲ್ಲದೆ ಅಲೆಅಲೆಯಾಗಿ ಏರುವ ನಾದ, ಇದು ಯಾರ ಸಂಗೀತ ಅಂತ? ಅದು ಜರ್ಮನ್ ಎಲೆಕ್ಟ್ರಾನಿಕ್ ಸಂಗೀತಗಾರ ಕ್ಲೌಸ್ ಶುಲ್ಟ್ಸೆ ಅವರ 1972ರ ಆಲ್ಬಂ 'ಇರ್‌ಲಿಖ್ಟ್'.

ಹಾಡು ಗುರುತಿಸುವ ಆ್ಯಪ್‌ನಿಂದ ಏನೂ ಆಗಲಿಲ್ಲ. ಟ್ಯಾಂಜರಿನ್ ಡ್ರೀಮ್‌ನ 'ಫೇಡ್ರಾ' (1974) ಅಂತ ನಿಮ್ಮಲ್ಲಿ ಕೆಲವರು ಅಂದಿದ್ರಿ, ಆದರೆ ಅದರಲ್ಲಿ ಸೀಕ್ವೆನ್ಸರ್ (ಸ್ವರಗಳನ್ನು ತಾನಾಗಿಯೇ ಮತ್ತೆ ಮತ್ತೆ ನುಡಿಸುವ ಯಂತ್ರ) ತಾಳದಂತೆ ಮಿಡಿಯುತ್ತೆ. ಇನ್ನೊಂದು ಜರ್ಮನ್ ತಂಡ ಪೊಪೋಲ್ ವೂ ಕೂಡ ಅಲ್ಲ. "ಮೊದಲ ಭಾಗ ಎಷ್ಟು ಹೊತ್ತಿದೆ ನೋಡಿ, ಅರ್ಧ ಗಂಟೆ ಹತ್ತಿರ ಇದ್ರೆ ಶುಲ್ಟ್ಸೆ" ಅಂದವರದೇ ಸರಿಯಾಯ್ತು. 29 ನಿಮಿಷ! ಅವರಿಗೆ ತುಂಬಾ ಥ್ಯಾಂಕ್ಸ್.

ನಾನು ಸಿಂಥಸೈಜರ್ ಸಂಗೀತ ಅಂತ ಹುಡುಕುತ್ತಿದ್ದೆ. ಇದರಲ್ಲಿ ಸಿಂಥಸೈಜರೇ ಇಲ್ಲ! ಮಾರ್ಪಡಿಸಿದ ಎಲೆಕ್ಟ್ರಿಕ್ ಆರ್ಗನ್, ಕೆಟ್ಟುಹೋದ ಆಂಪ್ಲಿಫೈಯರ್, ಜೊತೆಗೆ ಆರ್ಕೆಸ್ಟ್ರಾ ರಿಹರ್ಸಲ್‌ನ ಟೇಪನ್ನು ಹಿಂದುಮುಂದಾಗಿ ಓಡಿಸಿದ್ದು. ನಿನ್ನೆ ರಾತ್ರಿ ದೀಪ ಆರಿಸಿ ಮತ್ತೆ ಪೂರ್ತಿ ಕೇಳಿದೆ.