ಹಳೆಯ ಫೋರ್ ವೀಲ್ ಡ್ರೈವ್ ಟ್ರಕ್: ಪೆಟ್ರೋಲ್ ತೆಗೆದು ಡೀಸೆಲ್ ಎಂಜಿನ್

ಪ್ರಶ್ನೆ: ಕಾರ್ಬ್ಯುರೇಟರ್ ಪೆಟ್ರೋಲ್ ಎಂಜಿನ್ ಇಳಿಸಿ 3.9 ಲೀಟರ್ ಕಮಿನ್ಸ್ 4ಬಿಟಿ ಡೀಸೆಲ್ ಎಂಜಿನ್ ಕೂರಿಸಬೇಕು. ಆಕ್ಸಲ್ ರೇಷಿಯೋ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ತಿರುಗಬೇಕಾದ ಸುತ್ತು) 4.56, ಟೈರ್ 31 ಇಂಚು, ಟಾಪ್ ಗೇರ್ 1:1. ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಬಿಟ್ಟು ಇನ್ನೇನು ಬೇಕು?

ಉತ್ತರ 1: ಮೊದಲು ರೇಷಿಯೋ ನೋಡಿ. ಈಗಿನ 4.56 ಇದ್ದರೆ 2200 ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 72 ಕಿ.ಮೀ. ಅಷ್ಟೇ ಸಿಗುತ್ತದೆ. 3.54 ಹಾಕಿದರೆ 92ರ ಹತ್ತಿರ. ಹಿಂದೆ ಮುಂದೆ ಎರಡೂ ಡಿಫರೆನ್ಷಿಯಲ್ ಬದಲಿಸಬೇಕು. ಒಂದನ್ನೇ ಬದಲಿಸಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಮುರಿಯಬಹುದು. ಓವರ್‌ಡ್ರೈವ್ ಗೇರ್‌ಬಾಕ್ಸ್ (ಟಾಪ್ ಗೇರ್‌ನಲ್ಲಿ ಎಂಜಿನ್‌ಗಿಂತ ಶಾಫ್ಟ್ ವೇಗವಾಗಿ ತಿರುಗುವಂಥದ್ದು) ಸಿಕ್ಕರೆ ಇನ್ನೂ ಒಳ್ಳೆಯದು.

ಉತ್ತರ 2: ಬ್ರೇಕ್ ಮರೆಯಬೇಡಿ! ಡೀಸೆಲ್‌ನಲ್ಲಿ ಥ್ರಾಟಲ್ ಕವಾಟ ಇಲ್ಲ, ಹಾಗಾಗಿ ಎಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನಿಂದ ಬ್ರೇಕ್ ಹಗುರ ಮಾಡುವ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗದು. ವ್ಯಾಕ್ಯೂಮ್ ಪಂಪ್ ಕಡ್ಡಾಯ. ಹಳೇ ಟ್ಯಾಂಕ್ ಪೂರ್ತಿ ತೊಳೆದು, ಉಳಿದ ಡೀಸೆಲ್ ಹಿಂದೆ ತರುವ ರಿಟರ್ನ್ ಪೈಪನ್ನು ಟ್ಯಾಂಕ್‌ವರೆಗೂ ಎಳೆಯಿರಿ. ಫಿಲ್ಟರ್ ಬಳಿಯೇ ಸೇರಿಸಿದರೆ ಗಾಳಿ ಹೊರಹೋಗುವುದಿಲ್ಲ, ಡೀಸೆಲ್ಲೂ ಬಿಸಿಯಾಗುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಬೇಕೇ ಬೇಕು.

ಉತ್ತರ 3: ಈ ಎಂಜಿನ್ 340 ಕಿಲೋ ದಾಟುತ್ತದೆ, ಮುಂದಿನ ಸ್ಪ್ರಿಂಗ್ ಗಟ್ಟಿ ಮಾಡಿಸಿ. ನಡುಕವೂ ಜಾಸ್ತಿ, ಮೌಂಟ್‌ಗೆ ಮೆತ್ತನೆಯ ರಬ್ಬರ್ ಇರಲಿ. ಇಗ್ನಿಷನ್ ಕಾಯಿಲ್ ಇಲ್ಲದ್ದರಿಂದ ಹಳೇ ಟ್ಯಾಕೋಮೀಟರ್ (ಆರ್‌ಪಿಎಂ ಮೀಟರ್) ಓಡದು. ಆಲ್ಟರ್ನೇಟರ್‌ನ ಡಬ್ಲ್ಯು ಟರ್ಮಿನಲ್‌ನಿಂದ ಸಿಗ್ನಲ್ ತೆಗೆದುಕೊಳ್ಳುವ ಮೀಟರ್ ಹಾಕಿ.