ಒಬ್ಬರೇ ಬಸ್ಸಿನಲ್ಲಿ ಒಯ್ಯಬಹುದಾದ ತರಬೇತಿ ಸಾಮಗ್ರಿಯ ಪೆಟ್ಟಿಗೆ: ಏನೇನಿರಬೇಕು?

ಪ್ರಶ್ನೆ (ತರಬೇತುದಾರರು, ಹಾವೇರಿ ಜಿಲ್ಲೆ)

ನಾನು ಮಹಿಳಾ ಸ್ವಸಹಾಯ ಸಂಘಗಳಿಗೂ ಗ್ರಾಮ ಪಂಚಾಯಿತಿ ಸದಸ್ಯರಿಗೂ ತರಬೇತಿ ನಡೆಸುತ್ತೇನೆ. ಕಾರ್ಯಾಗಾರಗಳು ಹೆಚ್ಚಾಗಿ ಸಮುದಾಯ ಭವನದಲ್ಲೋ ಶಾಲೆಯ ಕೊಠಡಿಯಲ್ಲೋ ನಡೆಯುವುದರಿಂದ, ಕುರ್ಚಿ, ಜಮಖಾನೆ ಬಿಟ್ಟರೆ ಅಲ್ಲಿ ಬೇರೇನಾದರೂ ಸಿಗುತ್ತದೆಂದು ನಂಬಿಕೊಂಡು ಹೋಗುವಂತಿಲ್ಲ. 30 ಜನರ ಎರಡು ದಿನದ ಕಾರ್ಯಾಗಾರಕ್ಕೆ ಸಾಲುವಷ್ಟು ಸಾಮಗ್ರಿಯನ್ನು ಒಂದು ಪೆಟ್ಟಿಗೆಯಲ್ಲಿ ಕಾಯಂ ಆಗಿ ಸಿದ್ಧವಾಗಿಟ್ಟುಕೊಳ್ಳಬೇಕೆಂದಿದ್ದೇನೆ. ಅನುಭವಿಗಳು ಏನನ್ನು ಇಟ್ಟುಕೊಳ್ಳುತ್ತೀರಿ, ಮುಖ್ಯವಾಗಿ ಏನನ್ನು ಬಿಟ್ಟು ಹೋಗುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1

ಮೊದಲು ಗೋಡೆಯನ್ನು ನೆನೆದು ಪೆಟ್ಟಿಗೆ ತುಂಬಿರಿ. ಪೇಂಟ್ ಬಳಿದ ಗೋಡೆಗೆ ಮಾಸ್ಕಿಂಗ್ ಟೇಪೇ ಸರಿ. ಸೆಲ್ಲೋ ಟೇಪನ್ನು ಕೀಳುವಾಗ ಬಣ್ಣವೂ ಎದ್ದು ಬಂದು ಮುಖ್ಯೋಪಾಧ್ಯಾಯರ ಮುನಿಸಿಗೆ ಕಾರಣವಾಗುತ್ತದೆ. ಸುಣ್ಣದ ಗೋಡೆಯಲ್ಲಾದರೋ ಟೇಪಿನ ಅಂಟಿಗೆ ಸುಣ್ಣದ ಪುಡಿಯೇ ಮೆತ್ತಿಕೊಂಡು, ನೀವು ಮಾತು ಮುಗಿಸುವುದರೊಳಗೆ ಚಾರ್ಟುಗಳು ಒಂದೊಂದಾಗಿ ಕೆಳಗೆ ಬೀಳುತ್ತವೆ. ಆದ್ದರಿಂದ ಒಂದು ಉದ್ದನೆಯ ನೈಲಾನ್ ಹಗ್ಗ ಮತ್ತು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿರಲಿ. ಎದುರುಬದುರು ಕಿಟಕಿಯ ಸರಳುಗಳಿಗೆ ಹಗ್ಗ ಕಟ್ಟಿದರೆ ಯಾವ ಗೋಡೆಯ ಹಂಗೂ ಇರುವುದಿಲ್ಲ.

ಚಾರ್ಟ್ ಹಾಳೆಗಳು ಸಾಮಾನ್ಯವಾಗಿ 22×28 ಅಂಗುಲ ಇರುವುದರಿಂದ, ಸುರುಳಿ ಸುತ್ತಿದರೆ ಎರಡೂವರೆ ಅಡಿಯ ಪಿವಿಸಿ ಪೈಪಿನ ತುಂಡಿನಲ್ಲಿ ಮಡಿಕೆ ಬೀಳದೆ ಕೂರುತ್ತವೆ. ಎರಡೂ ತುದಿಗೆ ಮುಚ್ಚಳ ಹಾಕಿದರೆ ಮಳೆಗಾಲದ ಚಿಂತೆಯೂ ಇಲ್ಲ.

ಬೋರ್ಡ್ ಮಾರ್ಕರ್ ಮತ್ತು ಪರ್ಮನೆಂಟ್ ಮಾರ್ಕರ್‌ಗಳನ್ನು ಬೇರೆ ಬೇರೆ ಚೀಲದಲ್ಲಿಡಿ. ಎಷ್ಟು ಹೇಳಿದರೂ ಯಾರಾದರೊಬ್ಬರು ಶಾಲೆಯ ಬಿಳಿ ಬೋರ್ಡಿನ ಮೇಲೆ ಪರ್ಮನೆಂಟ್‌ನಲ್ಲಿ ಬರೆದೇ ಬರೆಯುತ್ತಾರೆ. ಆ ಗೆರೆಯ ಮೇಲೆಯೇ ಬೋರ್ಡ್ ಮಾರ್ಕರ್‌ನಿಂದ ತಿದ್ದಿ ಕೂಡಲೇ ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಮಾರ್ಕರ್‌ಗಳನ್ನು ಅಡ್ಡಡ್ಡವಾಗಿ ಮಲಗಿಸಿಡಬೇಕು. ತುದಿ ಮೇಲಾಗಿ ನಿಲ್ಲಿಸಿದರೆ ಶಾಯಿ ಕೆಳಗಿಳಿದು, ಹೊಸ ಪೆನ್ನೂ ಮಂಕಾಗಿ ಬರೆಯುತ್ತದೆ.

ಉತ್ತರ 2

ಮೇಲಿನ ಮಾತುಗಳೆಲ್ಲ ಸರಿಯೇ, ಆದರೆ ಸ್ವಸಹಾಯ ಸಂಘದ ಸಭೆಯಲ್ಲಿ ಓದು ಬರಹ ಬಾರದವರೂ ಇರುತ್ತಾರೆಂಬುದನ್ನು ಪೆಟ್ಟಿಗೆ ಮರೆಯಬಾರದು. ನಾನು ರಂಗೋಲಿ ಪುಡಿ, ಒಂದು ಡಬ್ಬಿ ಹುಣಸೆ ಬೀಜ ಮತ್ತು ಟಿಕಳಿಯ (ಹಣೆಗೆ ಅಂಟಿಸುವ ಬಿಂದಿ) ಪೊಟ್ಟಣಗಳನ್ನು ತಪ್ಪದೆ ಒಯ್ಯುತ್ತೇನೆ. ಪಿ.ಆರ್.ಎ. (ಊರಿನವರೇ ಸೇರಿ ತಮ್ಮ ಊರಿನ ಸ್ಥಿತಿಗತಿಯನ್ನು ಗುರುತಿಸುವ ಸಹಭಾಗಿ ಸಮೀಕ್ಷೆ) ಮಾಡುವಾಗ ಊರಿನ ನಕ್ಷೆಯನ್ನು ಚಾರ್ಟಿನ ಮೇಲೆ ಬರೆಯಿರೆಂದರೆ ಪೆನ್ನು ಒಬ್ಬರ ಕೈಯಲ್ಲಿಯೇ ಉಳಿದುಬಿಡುತ್ತದೆ. ಅದನ್ನೇ ಅಂಗಳದಲ್ಲಿ ರಂಗೋಲಿಯಿಂದ ಬಿಡಿಸಲು ಹೇಳಿದರೆ, ಹಿಂದೆ ಕೂತಿದ್ದ ಅಜ್ಜಿಯೂ ಮುಂದೆ ಬಂದು, ಬೋರ್‌ವೆಲ್ ಅಲ್ಲಲ್ಲ, ಇಲ್ಲಿ ಎಂದು ಕೈಯಿಂದಲೇ ಅಳಿಸಿ ತಿದ್ದುತ್ತಾಳೆ. ಮುಗಿದ ಮೇಲೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಚಾರ್ಟಿಗೆ ಇಳಿಸಿಕೊಳ್ಳಬಹುದು.

ಯಾವ ಸಮಸ್ಯೆ ದೊಡ್ಡದೆಂದು ಆರಿಸುವಾಗ, ಒಂದೊಂದು ಸಮಸ್ಯೆಗೆ ಒಂದೊಂದು ಚಿತ್ರವಿಟ್ಟು, ಚರ್ಚೆ ನಡೆದಿರುವವರೆಗೆ ಮತ ಹಾಕಲು ಬೀಜಗಳನ್ನೇ ಬಳಸಿ. ಮನಸ್ಸು ಬದಲಾದರೆ ಬೀಜವನ್ನು ಎತ್ತಿ ಬೇರೆ ಚಿತ್ರದ ಮುಂದಿಡಬಹುದು. ಕೊನೆಯ ತೀರ್ಮಾನಕ್ಕೆ ಟಿಕಳಿ ಅಂಟಿಸಿದರೆ ಅದು ಚಾರ್ಟಿನಲ್ಲಿ ದಾಖಲೆಯಾಗಿ ಉಳಿಯುತ್ತದೆ.

ಉತ್ತರ 3

ನಾನಾದರೆ ಪ್ರೊಜೆಕ್ಟರನ್ನು ಬಿಟ್ಟು ಹೋಗುತ್ತೇನೆ. ಭಾರವೂ ಹೌದು, ಕರೆಂಟು ಹೋದರೆ ವ್ಯರ್ಥವೂ ಹೌದು, ಹಗಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿ ಸೆಕೆಯಲ್ಲಿ ಜನರನ್ನು ಕೂರಿಸುವುದೂ ನನಗೆ ಒಪ್ಪಿಗೆಯಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಇರಲೇಬೇಕು. ಕೆಲವು ಭವನಗಳಲ್ಲಿ ಕೈಗೆಟಕುವುದು 16 ಆಂಪಿಯರ್‌ನ ದೊಡ್ಡ ಸಾಕೆಟ್ ಒಂದೇ ಆಗಿರುತ್ತದೆ, ಅದಕ್ಕೆ ನಮ್ಮ 6 ಆಂಪಿಯರ್‌ನ ಪ್ಲಗ್ಗು ಕೂರದಿರಬಹುದು. ಆದ್ದರಿಂದ ಒಂದು ಕನ್ವರ್ಟರ್ ಪ್ಲಗ್ ಜೊತೆಗಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಗ್ಗ ಮತ್ತು ಹುಣಸೆ ಬೀಜ ನನಗೆ ಹೊಳೆದೇ ಇರಲಿಲ್ಲ. ಇಷ್ಟನ್ನೂ ಹಾಕಲು ಟ್ರಂಕು ಒಳ್ಳೆಯದೋ, ಚೀಲವೋ?

ಉತ್ತರ 1 ಬರೆದವರು

ಎರಡೂ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಳಗೆ ತೆಗೆದಿಡಬಹುದಾದ ತಟ್ಟೆಯಿರುವ ಪ್ಲಾಸ್ಟಿಕ್ ಟೂಲ್ ಬಾಕ್ಸ್ ತೆಗೆದುಕೊಳ್ಳಿ. ಪಿನ್ನು, ಕತ್ತರಿ, ಸ್ಟೇಪ್ಲರ್ ಮೇಲಿನ ತಟ್ಟೆಗೆ, ಉಳಿದದ್ದು ಕೆಳಗೆ. ಸಾಮಗ್ರಿಯ ಪಟ್ಟಿಯನ್ನು ಮುಚ್ಚಳದ ಒಳಮೈಗೆ ಅಂಟಿಸಿ, ಮುಗಿದದ್ದನ್ನು ಕಾರ್ಯಾಗಾರದ ಸಂಜೆಯೇ ಗುರುತು ಮಾಡಿಕೊಳ್ಳಿ. ಖರ್ಚಾಗುವ ವಸ್ತುಗಳಿಗೆ ಪ್ರತ್ಯೇಕ ಬಿಲ್ಲು ಮಾಡಿಸಿದರೆ ಸಂಸ್ಥೆಯಿಂದ ಹಣ ಮರಳಿ ಪಡೆಯುವುದು ಸುಲಭವಾಗುತ್ತದೆ.