ಮೋಸಿನ್ 91/30ಕ್ಕೆ ಸ್ಕೋಪ್ ರೈಲ್: ರಿಸೀವರ್ ಕೊರೆಯದೆ ಯಾವುದು ನಿಲ್ಲುತ್ತೆ?

ಆಸ್ಟಿನ್_ಕನ್ನಡಿಗ

ರೈಫಲ್ಲು 1942ರ ಇಝೆವ್ಸ್ಕ್ ಮೋಸಿನ್-ನಾಗಾಂಟ್ 91/30, ದುಂಡು ರಿಸೀವರ್ (ಬೋಲ್ಟ್ ಓಡೋ ಉಕ್ಕಿನ ಗೂಡು). ಬ್ಯಾರೆಲ್, ಬೋಲ್ಟ್ (ಗುಂಡನ್ನ ಚೇಂಬರಿಗೆ ತಳ್ಳಿ ಮುಚ್ಚೋ ಭಾಗ), ಮ್ಯಾಗಜೀನು, ಬಟ್‌ಪ್ಲೇಟ್ ಎಲ್ಲದರ ನಂಬರೂ ಒಂದೇ, ಹಾಗಾಗಿ ಡ್ರಿಲ್ ಹಾಕಿಸೋ ಮಾತೇ ಇಲ್ಲ. 100 ಮೀಟರ್ ರೇಂಜಲ್ಲಿ ಕಾಗದದ ಗುರಿಗೆ ಮಾತ್ರ. ಕಣ್ಣಿಗೆ ಚಾಳೀಸು ಬಂದಿದೆ, ಮುಂದಿನ ಸೈಟಿನ ಪೋಸ್ಟ್ ಕಂಡರೆ ಹಿಂದಿನ ಸೈಟಿನ ನಾಚ್ (ಕಚ್ಚು) ಮಸುಕು.

ಅಂಗಡಿಯಲ್ಲಿ ಸ್ಕೋಪ್ ಕೂರಿಸೋ ಪಟ್ಟಿ, ಅಂದರೆ ರೈಲ್, ಮೂರು ಥರದ್ದು ಇವೆ. ಒಂದು, ರೇರ್ (ಹಿಂದಿನ) ಸೈಟಿನ ಲೀಫ್, ಅಂದರೆ ಮೇಲೆ ಏಳೋ ಪಟ್ಟಿ, ಕಳಚಿ ಅದೇ ಪಿನ್ನಿಗೆ ಸಿಕ್ಕಿಸೋದು, ಅಗ್ಗ. ಎರಡು, ರೇರ್ ಸೈಟ್ ಬೇಸನ್ನು ಎರಡೂ ಮಗ್ಗುಲಿಂದ ತಬ್ಬಿ ಹಿಡಿಯೋದು. ಮೂರು, ರಿಸೀವರಿನ ಎಡಕ್ಕೆ ಕೂರೋ ಪಿಯು (ಸೋವಿಯತ್ ಸ್ನೈಪರ್ ಸ್ಕೋಪ್) ಮಾದರಿ. ಮನೆಯಲ್ಲಿ ಮಾಮೂಲಿ 3–9×40 ಸ್ಕೋಪ್ ಬಿದ್ದಿದೆ. ಅದನ್ನೇ ಹಾಕಬಹುದಾ?

ಗುರಿಕಾರ

ಆ ಸ್ಕೋಪ್ ಆಗಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. 3–9×40ಕ್ಕೆ ಕಣ್ಣು ಸುಮಾರು 80–90 ಮಿ.ಮೀ. ದೂರದಲ್ಲಿ ಇರಬೇಕು. ರೇರ್ ಸೈಟ್ ಬೇಸ್ ಇರೋದು ರಿಸೀವರಿಗಿಂತ ಮುಂದೆ, ಬ್ಯಾರೆಲ್ ಮೇಲೆ. ಅಲ್ಲಿ ಕೂರಿಸಿದರೆ ಬಟಾಣಿ ಗಾತ್ರದ ಒಂದು ಬೆಳಕಿನ ಚುಕ್ಕೆ ಕಾಣುತ್ತೆ, ಅಷ್ಟೇ. 230–300 ಮಿ.ಮೀ. ಐ ರಿಲೀಫ್ (ಕಣ್ಣಿಗೂ ಸ್ಕೋಪಿಗೂ ಬೇಕಾದ ದೂರ) ಇರೋ ಸ್ಕೌಟ್ ಸ್ಕೋಪ್ ತಗೊಳ್ಳಿ.

ಹಾಗಾದ್ರೆ ಹಿಂದಕ್ಕೆ ತಂದು ರಿಸೀವರ್ ಮೇಲೇ ಕೂರಿಸಬಾರದಾ ಅಂದರೆ, ಬೋಲ್ಟ್ ತೆರೆದು ನೋಡಿ. ಮೋಸಿನ್ ಹಿಡಿ ಮುಚ್ಚಿದಾಗ ಅಡ್ಡಕ್ಕೆ ಚಾಚಿಕೊಂಡಿರುತ್ತೆ, ತೆರೆದಾಗ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತೆ. ಮೇಲೆ ಸ್ಕೋಪ್ ಇದ್ದರೆ ಅದಕ್ಕೇ ಬಡಿಯುತ್ತೆ. ಸೋವಿಯತ್ತಿನವರು ಸ್ನೈಪರ್ ರೈಫಲ್ಲಿಗೆ ಹಿಡಿಯನ್ನ ಉದ್ದ ಮಾಡಿ ಕೆಳಕ್ಕೆ ಬಗ್ಗಿಸಿದ್ದು ಅದಕ್ಕೇ. ಐದು ಗುಂಡಿನ ಕ್ಲಿಪ್ಪಿಗೂ ದಾರಿ ಮೇಲಿಂದಲೇ. ಸ್ಕೋಪ್ ಮುಂದಿದ್ದರೆ ಹಿಡಿಯೂ ಸಲೀಸು, ಕ್ಲಿಪ್ಪೂ ಸಲೀಸು.

ರೈಲ್ ವಿಚಾರದಲ್ಲಿ ಎರಡನೇದು, ಯೋಚನೆಯೇ ಬೇಡ. ಭಾರ ಎಲ್ಲಿ ಕೂರುತ್ತೆ ಅನ್ನೋದೇ ಪ್ರಶ್ನೆ. ಲೀಫಿನ ಪಿನ್ ಮಾಡಿರೋದು ಒಂದು ತಗಡಿನ ಪಟ್ಟಿ ಕದಲದ ಹಾಗೆ ಹಿಡಿಯೋಕೆ, ಅದೂ ಕೆಳಗೆ ಸ್ಪ್ರಿಂಗು ಒತ್ತಿಕೊಂಡಿರುವಾಗ. ತೂತಿನಲ್ಲಿ ಪಿನ್ನಿಗೆ ಸ್ವಲ್ಪ ಆಟ ಇದ್ದೇ ಇರುತ್ತೆ. ಅದಕ್ಕೆ ಸ್ಕೋಪು, ಅದನ್ನ ರೈಲಿಗೆ ಹಿಡಿಯೋ ರಿಂಗು ಎಲ್ಲ ಸೇರಿ ಅರ್ಧ ಕೆ.ಜಿ. ಹತ್ತಿರ ನೇತು ಹಾಕಿ 7.62×54ಆರ್ ಗುಂಡಿನ ಒದೆತ ಕೊಟ್ಟರೆ ರೈಲ್ ಆ ಪಿನ್ ಸುತ್ತ ಏತದ ಹಾಗೆ ಆಡುತ್ತೆ. ಬೇಸ್ ಹಾಗಲ್ಲ, ಅದು ಬ್ಯಾರೆಲ್ಲಿಗೆ ಪಿನ್ ಹೊಡೆದು ಬೆಸುಗೆ ಹಾಕಿ ಕೂತಿರೋದು. ಅದರ ಮಗ್ಗುಲನ್ನೇ ಹಿಡಿದ ರೈಲ್ ಅಲುಗಾಡಲ್ಲ.

ಅಲುಗಾಟದ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ: 100 ಮಿ.ಮೀ. ಉದ್ದದ ರೈಲಿನ ಒಂದು ತುದಿ 0.1 ಮಿ.ಮೀ. ಎದ್ದರೆ 100 ಮೀಟರಲ್ಲಿ ಗುಂಡು 10 ಸೆಂ.ಮೀ. ಆಚೀಚೆ.

ಕೂರಿಸೋ ಮುಂಚೆ ಚೇಂಬರು, ಮ್ಯಾಗಜೀನು ಖಾಲಿ ಇವೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಬೋಲ್ಟ್ ಹೊರಗೆ ತೆಗೆದಿಡಿ. ಲೀಫನ್ನ ಸ್ಪ್ರಿಂಗಿನ ಮೇಲೆ ಒತ್ತಿ ಹಿಡಿದರೆ ಪಿನ್ ಮೇಲಿನ ಬಿಗಿ ಇಳಿಯುತ್ತೆ, ಆಗ ಪಿನ್ನಿಗಿಂತ ಒಂದು ಕೂದಲು ಸಣ್ಣ ಪಂಚಿನಿಂದ ತಟ್ಟಿ. ಜೋರಾಗಿ ಬಡಿಯೋದು ಬೇಡ, ಪಿನ್ನಿನ ತಲೆ ಅಣಬೆ ಥರ ಹರಡಿದರೆ ತೂತೂ ಹಾಳು. ಲೀಫು, ಸ್ಪ್ರಿಂಗು, ಪಿನ್ನು ಮೂರನ್ನೂ ಒಂದೇ ಕವರಿಗೆ ಹಾಕಿ ರೈಫಲ್ ನಂಬರ್ ಬರೆದಿಡಿ.

ಆಮೇಲಿನದೇ ಎಲ್ಲರೂ ಹಾರಿಸಿಬಿಡೋ ಕೆಲಸ: ಬೇಸಿನ ಸಂದಿಗಳಲ್ಲಿ ಕಾಸ್ಮೊಲೀನ್ ಗ್ರೀಸ್ ದಶಕಗಳಿಂದ ಕೂತಿರುತ್ತೆ. ಮಿನರಲ್ ಸ್ಪಿರಿಟ್ ಹಾಕಿ ಬ್ರಷ್ಷಿನಿಂದ ಉಜ್ಜಿ, ಕೊನೆಗೊಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಬಿಳಿ ಬಟ್ಟೆ ಬೆಳ್ಳಗೇ ವಾಪಸ್ ಬರೋವರೆಗೂ ಬಿಡಬೇಡಿ. ಎಣ್ಣೆ ಪಸೆ ಇದ್ದರೆ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದ ಹಾಗೆ ಹಾಕೋ ಅಂಟು) ಹಿಡಿಯಲ್ಲ.

ಮಗ್ಗುಲಿನ ಸ್ಕ್ರೂಗಳನ್ನ ಎಡ, ಬಲ, ಎಡ, ಬಲ ಅಂತ ಕಾಲು ಸುತ್ತಿನಷ್ಟು ಬಿಗಿ ಮಾಡ್ತಾ ಹೋಗಿ. ಒಂದೇ ಕಡೆಯಿಂದ ಎಳೆದರೆ ರೈಲ್ ಸೊಟ್ಟ ಕೂರುತ್ತೆ, ಆಮೇಲೆ ವಿಂಡೇಜ್ (ಎಡ-ಬಲ) ಡಯಲ್ ಎಲ್ಲಾ ಅದಕ್ಕೇ ಖರ್ಚು. ನೀಲಿ ಥ್ರೆಡ್‌ಲಾಕರ್ ಒಂದು ಹನಿ ಸಾಕು, ಕೆಂಪು ಬೇಡವೇ ಬೇಡ. ಬಿಗಿಯಾದ ಮೇಲೆ ಸ್ಕ್ರೂ ತಲೆಯಿಂದ ರೈಲಿಗೆ ನೇಲ್ ಪಾಲಿಶಿನ ಒಂದು ಗೆರೆ ಎಳೆಯಿರಿ. ಸ್ಕ್ರೂ ತಿರುಗಿದರೆ ಗೆರೆ ಮುರಿಯುತ್ತೆ.

ಮರಗೆಲಸ_ಮಂಜ

ಮೇಲಿನದಕ್ಕೆ ಎರಡು ಸೇರಿಸ್ತೀನಿ. ಬೇಸಿನ ಮುಂದೆಯೇ ಮರದ ಹ್ಯಾಂಡ್‌ಗಾರ್ಡ್ ಶುರುವಾಗುತ್ತೆ. ರೈಲಿನ ಮೂತಿ ಅದಕ್ಕೆ ತಾಗಬಾರದು, ಮಳೆಗಾಲದಲ್ಲಿ ಮರ ಉಬ್ಬಿ ರೈಲನ್ನ ತಳ್ಳುತ್ತೆ. ಒಂದು ವಿಸಿಟಿಂಗ್ ಕಾರ್ಡ್ ನಡುವೆ ಸಲೀಸಾಗಿ ಜಾರಬೇಕು. ತಾಗ್ತಿದ್ದರೆ ಅರ ಹಾಕೋದು ರೈಲಿಗೆ, ಮರಕ್ಕಲ್ಲ.

ಇನ್ನೊಂದು, ಬಟ್ಟು, ಅಂದರೆ ಭುಜಕ್ಕೆ ಆನಿಸೋ ಮರದ ಹಿಂಭಾಗ. ಇದರ ಕೆನ್ನೆಪಟ್ಟಿ ಕಬ್ಬಿಣದ ಸೈಟಿನ ಎತ್ತರಕ್ಕೆ ಮಾಡಿದ್ದು. ಸ್ಕೋಪ್ ಬಂದ ಮೇಲೆ ಕೆನ್ನೆ ಗಾಳಿಯಲ್ಲಿ ನೇತಾಡುತ್ತೆ, ಗಲ್ಲ ಊರಿ ಹೊಡೀಬೇಕಾಗುತ್ತೆ. ಬಟ್ಟಿಗೆ ಲೇಸ್ ಕಟ್ಟೋ ಕ್ಯಾನ್ವಾಸ್ ಚೀಲ ಸಿಗುತ್ತೆ, ಒಳಗೆ ಫೋಮ್ ತುಂಡುಗಳನ್ನ ಒಂದೊಂದಾಗಿ ಇಟ್ಟು ಎತ್ತರ ಹೊಂದಿಸಿಕೊಳ್ಳಿ. ಒಂದು ಮೊಳೆ ಕೂಡ ಹೊಡೆಯೋ ಹಾಗಿಲ್ಲ.

ಲೋಹವಿದ್ಯೆ

ಮೂರನೇ ಮಾದರಿ ಬಗ್ಗೆ. ಪಿಯು ಬೇಸಿಗೆ ಎರಡು ಸ್ಕ್ರೂ, ಎರಡು ಪಿನ್ ಬೇಕು, ಅಂದರೆ ರಿಸೀವರಿನ ಎಡಗೋಡೆಗೆ ನಾಲ್ಕು ತೂತು. ಜೊತೆಗೆ ಬಗ್ಗಿದ ಬೋಲ್ಟ್ ಹಿಡಿ. ಜಿಗ್ (ಡ್ರಿಲ್ಲಿಗೆ ದಾರಿ ತೋರೋ ಅಚ್ಚು) ಇಲ್ಲದೆ ಕೊರೆದವರದ್ದು ಎಲ್ಲಾ ಸೊಟ್ಟ. ನಿಮ್ಮ ರೈಫಲ್ಲಿಗೆ ಅದು ದ್ರೋಹ.

ಆದರೆ ಎಡಗೋಡೆಯನ್ನ ಒಮ್ಮೆ ಓರೆ ಬೆಳಕಲ್ಲಿ ನೋಡಿ. ದುಂಡಗಿನ ಮುಚ್ಚಿದ ಗುರುತುಗಳು ಕಂಡರೆ ಅದು ಹಳೇ ಸ್ನೈಪರ್ ಇರಬಹುದು. ಸ್ಕೋಪ್ ಕಿತ್ತು, ತೂತು ತುಂಬಿ, ಮಾಮೂಲಿ ರೈಫಲ್ ಮಾಡಿ ಗೋದಾಮಿಗೆ ಹಾಕಿದವು ಬಹಳ ಇವೆ. ಹಾಗಿದ್ದರೆ ಯಾವ ರೈಲೂ ಹಾಕದೆ ಮೊದಲು ತಿಳಿದವರಿಗೆ ತೋರಿಸಿ.

ರಿಂಗ್ ಕೊಳ್ಳುವಾಗ ರೈಲಿನ ಗಾಡಿಯ, ಅಂದರೆ ರಿಂಗಿನ ಅಡ್ಡಕಡ್ಡಿ ಕೂರೋ ಅಡ್ಡ ಕಚ್ಚಿನ, ಅಗಲ ನೋಡಿ. ವೀವರ್, ಪಿಕಟಿನಿ ಅಂತ ರೈಲಿನ ಎರಡು ಮಾದರಿ ಇವೆ. ವೀವರ್ ಗಾಡಿ 4.57 ಮಿ.ಮೀ., ಪಿಕಟಿನಿ ಗಾಡಿ 5.23. ವೀವರ್ ರಿಂಗು ಪಿಕಟಿನಿ ರೈಲಿಗೆ ಕೂರುತ್ತೆ, ಪಿಕಟಿನಿ ರಿಂಗು ವೀವರ್ ರೈಲಿಗೆ ಇಳಿಯಲ್ಲ. ಅಗ್ಗದ ರೈಲುಗಳ ಡಬ್ಬಿ ಮೇಲೆ ಎರಡೂ ಹೆಸರು ಅಚ್ಚಾಗಿರುತ್ತೆ, ಕ್ಯಾಲಿಪರ್ ಹಾಕಿದರೆ ಎರಡೂ ಅಲ್ಲ. ಬಿಗಿ ಮಾಡೋ ಮುಂಚೆ ರಿಂಗನ್ನ ಬ್ಯಾರೆಲ್ ಬಾಯಿ ಕಡೆಗೆ ತಳ್ಳಿ ಹಿಡಿಯಿರಿ. ರೈಫಲ್ ಹಿಂದಕ್ಕೆ ಒದ್ದಾಗ ಸ್ಕೋಪ್ ಇದ್ದಲ್ಲೇ ಉಳಿಯೋಕೆ ನೋಡುತ್ತೆ, ಅಂದರೆ ಗಾಡಿಯ ಮುಂದಿನ ಗೋಡೆಗೆ ಒತ್ತುತ್ತೆ. ಮೊದಲೇ ಅಲ್ಲಿ ಆತುಕೊಂಡಿದ್ದರೆ ಜರುಗೋಕೆ ಜಾಗ ಇರಲ್ಲ. ರಿಂಗಿನ ಮೇಲ್ಮುಚ್ಚಳಕ್ಕೆ 15–18 ಇಂಚು-ಪೌಂಡ್ ಬಿಗಿ ಸಾಕು.

ಆಸ್ಟಿನ್_ಕನ್ನಡಿಗ

ಎರಡನೇ ಥರದ ಅಲ್ಯೂಮಿನಿಯಂ ರೈಲ್, 2.75× ಸ್ಕೌಟ್ ಸ್ಕೋಪ್ ಹಾಕಿಯಾಯ್ತು. ಈಗ ಎರಡು ತೊಂದರೆ. ಎಲಿವೇಶನ್ (ಎತ್ತರದ) ಡಯಲ್ ಮೇಲಕ್ಕೆ ಪೂರ್ತಿ ತಿರುಗಿಸಿದರೂ 100 ಮೀಟರಲ್ಲಿ 30 ಸೆಂ.ಮೀ. ಕೆಳಗೆ ಬೀಳ್ತಿದೆ. ಜೊತೆಗೆ 15–20 ಗುಂಡಾದ ಮೇಲೆ ಗುರಿಯ ಮೇಲಿನ ತೂತುಗಳ ಗುಂಪು ಬಲಕ್ಕೆ ಸರಿಯುತ್ತೆ.

ಗುರಿಕಾರ

ಮೊದಲನೇದಕ್ಕೆ ಶಿಮ್, ಅಂದರೆ ರೈಲಿನ ಕೆಳಗಿಡೋ ತೆಳು ತುಂಡು. ಗುಂಡು ಮೇಲೇರಬೇಕಾದರೆ ರೈಲಿನ ಹಿಂತುದಿ ಏರಬೇಕು, ಇದನ್ನ ಉಲ್ಟಾ ಮಾಡೋರೇ ಜಾಸ್ತಿ. 30 ಸೆಂ.ಮೀ. ಅಂದರೆ 100 ಮಿ.ಮೀ.ಗೆ 0.3 ಮಿ.ಮೀ. ಓರೆ. ನಿಮ್ಮ ರೈಲ್ ಬೇಸಿನ ಮೇಲೆ ಕೂರೋ ಎರಡು ಜಾಗಗಳ ನಡುವೆ 75 ಮಿ.ಮೀ. ಇದೆ ಅಂದುಕೊಂಡರೆ 0.22. ಕೋಲಾ ಕ್ಯಾನಿನ ಗೋಡೆ ಸುಮಾರು 0.1 ಮಿ.ಮೀ. ದಪ್ಪ. ಎರಡು ಪದರ ಕತ್ತರಿಸಿ ಹಿಂತುದಿಯ ಕೆಳಗಿಡಿ. ಆದರೆ ಡಯಲನ್ನ ತುದಿಯಲ್ಲೇ ಇಟ್ಟು ಹೊಡೀಬೇಡಿ, ಅಲ್ಲಿ ವಿಂಡೇಜೂ ಸರಿಯಾಗಿ ಓಡಲ್ಲ. ನಡು ಹತ್ತಿರ ಬರಬೇಕಾದರೆ ಮೂರು ಅಥವಾ ನಾಲ್ಕು ಪದರ ಹಾಕಿ. ಆಮೇಲೆ ಬೋಲ್ಟ್ ತೆಗೆದು, ರೈಫಲ್ಲನ್ನ ಮರಳು ಚೀಲದ ಮೇಲೆ ಇಟ್ಟು, ಬ್ಯಾರೆಲ್ ಒಳಗಿಂದ 25 ಮೀಟರಿನ ಗುರಿ ನೋಡಿ, ಕದಲಿಸದೆ ಸ್ಕೋಪ್ ಹೊಂದಿಸಿ. ಅರ್ಧ ಡಬ್ಬಿ ಗುಂಡು ಉಳಿಯುತ್ತೆ.

ಲೋಹವಿದ್ಯೆ

ಬಲಕ್ಕೆ ಸರಿಯೋದಕ್ಕೆ ಒಂದೇ ಪರೀಕ್ಷೆ. ಅರ್ಧ ಗಂಟೆ ಆರಲು ಬಿಟ್ಟು ಮತ್ತೆ ಮೂರು ಹೊಡೆಯಿರಿ. ಗುಂಪು ಹಳೇ ಜಾಗಕ್ಕೆ ವಾಪಸ್ ಬಂದರೆ ಬಿಸಿಯ ಆಟ, ಬರದಿದ್ದರೆ ಏನೋ ಸಡಿಲ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತೆ. 100 ಮಿ.ಮೀ. ರೈಲ್ 60 ಡಿಗ್ರಿ ಬಿಸಿಯಾದರೆ ಬೇಸಿಗಿಂತ 0.06–0.07 ಮಿ.ಮೀ. ಹೆಚ್ಚು ಉದ್ದವಾಗುತ್ತೆ. ಎರಡೂ ಕಡೆ ಸ್ಕ್ರೂ ಸಮ ಇಲ್ಲದಿದ್ದರೆ ಬಿಗಿ ಇರೋ ಕಡೆ ನಿಂತು, ಸಡಿಲ ಇರೋ ಕಡೆ ಜಾರಿ, ರೈಲ್ ಓರೆಯಾಗುತ್ತೆ. ವಿಸಿಟಿಂಗ್ ಕಾರ್ಡನ್ನ ಬ್ಯಾರೆಲ್ ಬಿಸಿ ಇರುವಾಗಲೂ ಜಾರಿಸಿ ನೋಡಿ, ತಣ್ಣಗಿದ್ದಾಗ ಮಾತ್ರ ಅಲ್ಲ.

ಹಾಸನದ_ಹುಡುಗ

ನಡುವೆ ಬಾಯಿ ಹಾಕ್ತೀನಿ, ಊರಲ್ಲಿ ಚಿಕ್ಕಪ್ಪನ ಲೈಸೆನ್ಸಿನ ಇಷಾಪುರ .315ಗೆ ಈ ರೈಲ್ ಕೂರುತ್ತಾ?

ಗುರಿಕಾರ

ಇಲ್ಲ. ಅದು ಲೀ-ಎನ್‌ಫೀಲ್ಡ್ ವಂಶ, ಮೋಸಿನ್ ಬೇಸಿನ ಅಳತೆಗೂ ಅದಕ್ಕೂ ಸಂಬಂಧವೇ ಇಲ್ಲ. ಬೇರೆ ಥ್ರೆಡ್ ತೆರೆದು ಸೈಟಿನ ಫೋಟೋ ಹಾಕಿ.

ಆಸ್ಟಿನ್_ಕನ್ನಡಿಗ

ಆರಿದ ಮೇಲೆ ಗುಂಪು ವಾಪಸ್ ಬರಲಿಲ್ಲ. ಎಡ ಹಿಂದಿನ ಸ್ಕ್ರೂವಿನ ನೇಲ್ ಪಾಲಿಶ್ ಗೆರೆ ಮುರಿದಿದೆ, ಬಿಚ್ಚಿದರೆ ಥ್ರೆಡ್‌ಲಾಕರ್ ಇನ್ನೂ ಹಸಿ, ಅಡಿಯಲ್ಲಿ ಕಂದು ಗ್ರೀಸು. ಶಿಮ್ಮಿಗೆ ಅಂತ ಕ್ಯಾನ್ ಕತ್ತರಿಸೋ ಮುಂಚೆ ಮತ್ತೆ ಸ್ಪಿರಿಟ್ ಬಾಟ್ಲಿ ತೆಗೀತಿದ್ದೀನಿ.